ವೇದಿಕೆಗೆ ಕಟ್ಟಿದ ಮೈಕು

ನಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಮೈಕು ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮೈಕು ಇತ್ತು. ಎರಡು ಹಾರನ್ ಸ್ಪೀಕರುಗಳೂ ಇದ್ದವು. ಒಂದನ್ನು ಸಮುದಾಯ ಭವನದ ಮುಂದಿನ ಹೊಂಗೆ ಮರಕ್ಕೆ, ಇನ್ನೊಂದನ್ನು ಲೈಟು ಕಂಬಕ್ಕೆ ಕಟ್ಟುತ್ತಿದ್ದರು. ಎರಡರ ಬಾಯಿಯೂ ರಸ್ತೆಯ ಕಡೆಗೆ. ಮದುವೆಗೆ, ಸಾವಿಗೆ ಹೇಗೆ ಕಟ್ಟುತ್ತಾರೋ ಸಭೆಗೂ ಹಾಗೆಯೇ, ಊರಿಗೆಲ್ಲ ಗೊತ್ತಾಗಲಿ ಎಂದು. ಹಾಗಾಗಿ ಅಧ್ಯಕ್ಷರ ಮಾತು ಒಳಗೆ ಕೂತ ನಮಗಿಂತ ಕಂಪಲಾಪುರದ ಕಡೆಗೆ ಹೋಗುವ ಬಸ್ಸಿನವರಿಗೆ ಚೆನ್ನಾಗಿ ಕೇಳುತ್ತಿತ್ತು. ಮಾತಾಡುವ ಮೈಕನ್ನು ವೇದಿಕೆಯ ಮೇಲಿನ ಮೇಜಿಗೆ ಕಪ್ಪು ಟೇಪಿನಿಂದ ಸುತ್ತಿ ಸುತ್ತಿ ಬಿಗಿದಿರುತ್ತಿದ್ದರು, ಕೆಳಗೆ ಕೂತವರು ಕದ್ದುಕೊಂಡು ಹೋಗುವ ದನವೋ ಎಂಬಂತೆ.

ವರ್ಷಗಟ್ಟಲೆ ಅಂಥ ಸಭೆಗಳಲ್ಲಿ ಕೂತು ಎದ್ದು ಬಂದಿದ್ದೇನೆ. ದೀಪ ಹಚ್ಚುವುದು, ಕುಂಡದ ಗಿಡಕ್ಕೆ ನೀರೆರೆಯುವುದು, ಮೊಬೈಲನ್ನು ಮೈಕಿಗೆ ಹಿಡಿದು ನಾಡಗೀತೆ ಹಾಕುವುದು, ಟರ್ಕಿ ಟವೆಲು ಹೊದಿಸಿದ ಕುರ್ಚಿಗಳಲ್ಲಿ ಕೂತವರು ಒಬ್ಬರನ್ನೊಬ್ಬರು ಸ್ವಾಗತಿಸಿಕೊಳ್ಳುವುದು. ಇಷ್ಟು ಮುಗಿಯುವ ಹೊತ್ತಿಗೆ ಜನರ ಅಹವಾಲಿನ ಸಮಯ ಬರುತ್ತಿತ್ತು. ಕೆಳಗಿನಿಂದ ಎದ್ದು ನಿಂತು ಕೂಗಬೇಕು. ಗಂಟಲಿದ್ದವನು ಕೂಗುತ್ತಿದ್ದ, ಇಲ್ಲದವನು ಕೂರುತ್ತಿದ್ದ. ನನಗೆ ಗಂಟಲಿತ್ತು, ಆದರೆ ಸಭೆಯಲ್ಲಿ ಏಳುವ ಅಭ್ಯಾಸವಿರಲಿಲ್ಲ. ಹತ್ತನೇ ಕ್ಲಾಸು ಓದಿ ಹೊಲ ಹಿಡಿದವನು ನಾನು. ಯಾರಾದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ಅದೇ ನನ್ನ ದೊಡ್ಡ ಭಾಷಣ.

ಮಾತು ನನ್ನ ಹೆಂಡತಿಯ ಪಾಲಿನದು. ಅವಳ ತವರು ಎಚ್.ಡಿ. ಕೋಟೆಯ ಕಾಡಂಚು. ಚಿಕ್ಕಂದಿನಲ್ಲಿ ಹೊಲದ ಅಟ್ಟಣೆಯ ಮೇಲೆ ಕೂತು ಕಾಡುಹಂದಿ ಓಡಿಸಿ ಬಲಿತ ಗಂಟಲು. ಮದುವೆಯಾಗಿ ಬಂದ ಮೇಲೆ ಅದು ನನ್ನನ್ನು ಓಡಿಸುವುದಕ್ಕೆ ಬಳಕೆಯಾಯಿತು. ಅವಳು ಹಿತ್ತಲಲ್ಲಿ ನಿಂತು ಕರೆದರೆ ಕೆರೆಯಾಚೆಯ ಗದ್ದೆಯವರು ಕೆಲಸ ನಿಲ್ಲಿಸಿ, ಮುದ್ದೆ ಆರೋಯ್ತದಂತೆ, ಹೊರಡಪ್ಪ ಎಂದು ನನಗೆ ಹೇಳುತ್ತಿದ್ದರು. ಹಾಲಿನ ಡೈರಿಯಲ್ಲಿ ಅಳತೆ ತಪ್ಪಿದರೆ ಅವಳ ದನಿ ಎದ್ದಿತೆಂದೇ ಲೆಕ್ಕ. ಡೈರಿಯವರು ಅವಳಿಗೆ ಹೆದರುತ್ತಿದ್ದರು ಎನ್ನುವುದಕ್ಕಿಂತ ಅವಳ ದನಿ ರಸ್ತೆಗೆ ಕೇಳುತ್ತದೆ ಎಂದು ಹೆದರುತ್ತಿದ್ದರು.

ಅವಳ ಗಂಟಲಲ್ಲಿ ಗಡ್ಡೆಯಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಉಳಿದದ್ದು ಗಾಳಿಯಂಥ ಒಂದು ಪಿಸುಮಾತು. ಒಂದೊಂದು ಅಕ್ಷರವೂ ಸ್ಪಷ್ಟವಾಗಿರುತ್ತಿತ್ತು, ಆದರೆ ಕಿವಿಯನ್ನು ಹತ್ತಿರ ತರಬೇಕಿತ್ತು. ಕತ್ತಿನ ಗಾಯ ಕಾಣದಿರಲೆಂದು ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯಲ್ಲಿ ಕೊಂಡ ಕೆಂಪು ಮಫ್ಲರನ್ನು ಬಿರುಬೇಸಗೆಯಲ್ಲೂ ಸುತ್ತಿಕೊಳ್ಳುತ್ತಿದ್ದಳು.

ಜನ ಎಷ್ಟು ದಡ್ಡರು ಎನ್ನುವುದು ನನಗೆ ಆಗ ತಿಳಿಯಿತು. ದನಿ ಹೋದವಳ ಕಿವಿಯೂ ಹೋಗಿದೆ ಎಂದುಕೊಂಡು ಅವಳ ಮುಂದೆ ಕಿರುಚಿ ಮಾತಾಡುವವರು ಕೆಲವರು. ಇನ್ನು ಕೆಲವರು ಅವಳ ಎದುರಿಗೇ ಕೂತು ನನ್ನನ್ನು ಕೇಳುತ್ತಿದ್ದರು, ಇವರು ಕಾಫಿ ಕುಡೀತಾರಾ ಎಂದು. ಅವಳು ಸಕ್ಕರೆ ಜಾಸ್ತಿ ಇರಲಿ ಎಂದು ಪಿಸುಗುಟ್ಟಿ, ಅವರು ಕೇಳಿಸಿಕೊಳ್ಳದೆ ನನ್ನ ಮುಖವನ್ನೇ ನೋಡುತ್ತಿದ್ದರೆ ನಗುತ್ತಿದ್ದಳು. ಆ ನಗುವಿಗೂ ಸದ್ದಿರಲಿಲ್ಲ.

ಒಂದು ದಿನ ನಮ್ಮ ಬೀದಿಯಲ್ಲಿ ಬೀಗರೂಟ. ಶಾಮಿಯಾನದ ಮೂಲೆಯಲ್ಲಿ ಕಂಪಲಾಪುರದ ಸೌಂಡ್ ಸರ್ವಿಸಿನವನು ತನ್ನ ಪೆಟ್ಟಿಗೆಗಳನ್ನು ಜೋಡಿಸಿಕೊಂಡು ಕೂತಿದ್ದ. ಇವಳು ಹೋಗಿ ಮೈಕು ಕೇಳಿದಳು. ಅವನು, "ಬಾಯಿಗೆ ಅಂಟಿಸ್ಕೊಂಡು ಮಾತಾಡಕ್ಕ," ಎಂದು ಯಾವುದೋ ತಿರುಪು ತಿರುಗಿಸಿದ. ಮರುಕ್ಷಣ ಇಡೀ ಚಪ್ಪರದಲ್ಲಿ ನನ್ನ ಹೆಂಡತಿಯ ಪಿಸುಮಾತು ತುಂಬಿತು. ಆಕಡೆ ಯಾಕೆ ಕೂತಿದ್ದೀರಿ, ಪಂಕ್ತಿ ಏಳ್ತಾ ಐತೆ, ಬಂದು ಕೂತ್ಕಳಿ ಅಂತ. ತಿನ್ನುತ್ತಿದ್ದವರೆಲ್ಲ ಮೂಳೆ ಬಿಟ್ಟು ತಲೆಯೆತ್ತಿದರು. ಅವಳು ಮೈಕು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆ ಮುಖವನ್ನು ನಾನು ಮರೆಯುವುದಿಲ್ಲ.

ಅವತ್ತೇ ಅವಳು ತೀರ್ಮಾನಿಸಿದಳು, ಮುಂದಿನ ಗ್ರಾಮಸಭೆಯಲ್ಲಿ ಮೋರಿಯ ಮಾತು ತೆಗೆಯುತ್ತೇನೆ ಎಂದು.

ಮೋರಿಯ ಕತೆ ಇಷ್ಟೇ. ನಮ್ಮ ಬೀದಿಗೆ ಕಾಂಕ್ರೀಟು ರಸ್ತೆ ಹಾಕಿದಾಗ ಎರಡೂ ಕಡೆ ಆಳವಾದ ಮೋರಿ ತೋಡಿದರು. ಪಂಚಾಯಿತಿ ಮೆಂಬರರ ಮನೆಯಿರುವ ಸಾಲಿಗೆ ಕಲ್ಲುಚಪ್ಪಡಿ ಮುಚ್ಚಿದರು, ನಮ್ಮ ಸಾಲನ್ನು ಬಾಯಿ ತೆರೆದು ಬಿಟ್ಟರು. ಎದುರುಮನೆಗೆ ಹೋಗಿಬರಲು ಮುದುಕಿಯರು ಹಲಗೆ ಹಾಕಿಕೊಂಡು ಸರ್ಕಸ್ಸು ಮಾಡುತ್ತಿದ್ದರು. ಪಕ್ಕದ ಮನೆಯವರ ಎಳೆಗರು ಅದರೊಳಗೆ ಬಿದ್ದು ಕಾಲು ಮುರಿದುಕೊಂಡಿತು. ನನ್ನ ಹೆಂಡತಿಯ ಭಯ ಬೇರೆ. ತಾನು ಬಿದ್ದರೆ ಕೂಗಲು ಆಗುವುದಿಲ್ಲವಲ್ಲ ಎಂದು. ಅದನ್ನು ಅವಳು ಹೇಳಿದ್ದು ಒಮ್ಮೆ ಮಾತ್ರ, ಬೇಳೆ ಆರಿಸುತ್ತಾ, ಬೇರೆ ಯಾರದೋ ಸುದ್ದಿ ಎಂಬಂತೆ. ಆಮೇಲೆ ಸಭೆಯಲ್ಲಿ ಕೇಳಬೇಕಾದ ಮಾತನ್ನು ಒಂದೇ ವಾಕ್ಯ ಮಾಡಿಟ್ಟುಕೊಂಡಳು. "ಆ ಸಾಲಿನವರ ಕಾಲು ಕಾಲು, ನಮ್ಮ ಸಾಲಿನವರದು ಏನು?"

ನಾನು ಕೇಳಲೇ ಎಂದದ್ದಕ್ಕೆ ನನ್ನ ಕೈಹಿಡಿದು ಕಿವಿಗೆ ಬಾಯಿಟ್ಟು ಹೇಳಿದಳು. "ನನ್ನ ಮಾತ ನೀವಾಡಬ್ಯಾಡಿ. ನಾನಿನ್ನೂ ಇವ್ನಿ."

ಬರೆದುಕೊಟ್ಟರಾಯಿತಲ್ಲ ಎಂದವರೂ ಇದ್ದರು. ಅವಳಿಗೆ ಅದೂ ಬೇಡ. ಬರೆದುಕೊಟ್ಟರೆ ಅವರು ಅವರ ದನಿಯಲ್ಲಿ ಓದುತ್ತಾರೆ, ಬೇಕಾದಷ್ಟು ಓದಿ ಮಡಚಿಡುತ್ತಾರೆ ಎನ್ನುತ್ತಿದ್ದಳು. ಇದು ಹಟ ಎಂದು ನನ್ನ ತಂಗಿ ಹೇಳಿದಳು. ಹಟವೇ ಸರಿ. ಊರಿನ ಗಂಡಸರು ಕುಡಿದು ಬಂದು ಸಭೆಯಲ್ಲಿ ಗಂಟೆಗಟ್ಟಲೆ ಕಿರುಚಿದರೆ ಅದು ಅಹವಾಲು, ಒಬ್ಬ ಹೆಂಗಸು ತನ್ನ ಬಾಯಿಂದ ಒಂದು ವಾಕ್ಯ ಆಡುತ್ತೇನೆ ಎಂದರೆ ಹಟ.

ಮೊದಲ ಸಭೆಯಲ್ಲಿ ಅವಳು ಎದ್ದು ನಿಂತಳು. ವೇದಿಕೆಯಿಂದ, "ಜೋರಾಗಿ ಯೋಳಮ್ಮ," ಎಂದರು. ಅವಳು ಮಫ್ಲರ್ ಸರಿಸಿ ಗಂಟಲು ತೋರಿಸಿದಳು, ಆಮೇಲೆ ಮೈಕನ್ನು ತೋರಿಸಿದಳು. ಮೈಕಿನ ವಯರು ಅಲ್ಲಿಯವರೆಗೆ ಬರುವುದಿಲ್ಲ ಎಂದು ಯಾರೋ ಹೇಳಿದರು. ಸರಿ, ವಯರು ಬರದಿದ್ದರೆ ನಾನೇ ಬರುತ್ತೇನೆ ಎಂಬಂತೆ ಅವಳು ವೇದಿಕೆಯ ಮೆಟ್ಟಿಲಿಗೆ ಹೋದಳು. ಅಲ್ಲಿ ಮೆಂಬರೊಬ್ಬರು ಅಡ್ಡ ನಿಂತು, "ಮ್ಯಾಲೆ ಗಣ್ಯರು ಕುಂತವ್ರೆ ಕಣಮ್ಮ, ಅಲ್ಲಿಂದ್ಲೇ ಯೋಳು," ಎಂದರು. ಗಣ್ಯರು ಎಂದರೆ ನಮ್ಮೂರಿನವರೇ. ಅವರಲ್ಲಿ ಒಬ್ಬರು ಹಿಂದಿನ ದಿನ ಅವಳ ಕೈಯಿಂದಲೇ ಹಾಲಿನ ಕ್ಯಾನು ಇಳಿಸಿಕೊಂಡಿದ್ದರು. ಟವೆಲು ಹೊದಿಸಿದ ಕುರ್ಚಿಯಲ್ಲಿ ಕೂತರೆ ಎಂಥವನಿಗೂ ಗಣ್ಯತನ ಬರುತ್ತದೆ. ಆ ಗುಣ ಟವೆಲಿನದು.

ಅವಳು ಮೆಟ್ಟಿಲ ಬುಡದಲ್ಲೇ ನಿಂತು ತುಟಿ ಆಡಿಸಿದಳು. ಪಿಡಿಓ ಸಾಹೇಬರು ಕನಿಕರದಿಂದ ತಲೆಯಾಡಿಸಿ, ಪಿಂಚಣಿ ವಿಷಯ ತಾನೆ, ನಾಡಕಚೇರಿಗೆ ಅರ್ಜಿ ಕೊಡಿ ಎಂದುಬಿಟ್ಟರು. ಕಾಯಿಲೆಯ ಹೆಂಗಸು ಎದ್ದು ನಿಂತರೆ ಅವಳಿಗೆ ಬೇಕಾಗಿರುವುದು ಪಿಂಚಣಿಯೇ ಎಂದು ಅವರಿಗೆ ಯಾವ ಮೈಕೂ ಇಲ್ಲದೆ ಗೊತ್ತು. ಸಭೆಯೆಲ್ಲ ಪಾಪ ಎಂದಿತು. ಮುಂದಿನವರು ಎಂದು ಕರೆದರು.

ಎರಡನೆಯ ಸಭೆಗೆ ಮುಂಚೆ ಅವಳೇ ಕಂಪಲಾಪುರಕ್ಕೆ ಹೋಗಿ ಸೌಂಡಿನವನನ್ನು ಹಿಡಿದಳು. ಅವನ ಬಳಿ ವಯರಿಲ್ಲದ ಮೈಕೊಂದು ಇತ್ತು. ಪಂಚಾಯಿತಿಯವರು ಎಂದೂ ಕೇಳಿರಲಿಲ್ಲ, ಆರ್ಕೆಸ್ಟ್ರಾದವರು ಮಾತ್ರ ಕೇಳುತ್ತಿದ್ದರು. ಅಕ್ಕ ಕೇಳಿದಳೆಂದು ಅವನು ತಂದ. ಸಭೆ ಶುರುವಾಗುವ ಮೊದಲೇ ಅವಳ ಕೈಗೆ ಕೊಟ್ಟು, ಕೆಂಪು ದೀಪ ಹಸಿರಾದಾಗ ಮಾತಾಡು ಎಂದು ತೋರಿಸಿಕೊಟ್ಟ. ಅವಳು ಅದನ್ನು ಮಡಿಲಲ್ಲಿ, ಸೆರಗಿನ ಕೆಳಗೆ ಇಟ್ಟುಕೊಂಡು ಮೂರನೆಯ ಸಾಲಿನಲ್ಲಿ ಕೂತಳು.

ನಮ್ಮ ಸಭೆಗಳಿಗೆಲ್ಲ ಒಬ್ಬರೇ ನಿರೂಪಕರು, ರಿಟೈರಾದ ಮೇಷ್ಟ್ರು. ಹೂವಿನಂಥ ಮಾತು, ಇಸ್ತ್ರಿ ಮುರಿಯದ ಜುಬ್ಬ. ಸೌಂಡಿನವನು ಅವಳಿಗೆ ಮೈಕು ಕೊಟ್ಟದ್ದನ್ನು ನೋಡಿದ್ದ ಅವರು ಕೆಳಗಿಳಿದು ಬಂದು ಬಹಳ ಮೃದುವಾಗಿ, "ಕೊಡೀಮ್ಮ, ಬಿದ್ದುಗಿದ್ದು ಹಾಳಾದೀತು," ಎಂದು ಮೈಕನ್ನು ತೆಗೆದುಕೊಂಡು ಹೋಗಿ ಅಧ್ಯಕ್ಷರಿಗೆ ಕೊಟ್ಟರು. ವಯರಿಲ್ಲದ ಮೈಕು ಸಿಕ್ಕಿದ್ದೇ ಅಧ್ಯಕ್ಷರಿಗೆ ಕಾಲು ಬಂದಂತಾಯಿತು. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ, ಹಾಡುಗಾರನ ಹಾಗೆ ಎಡಗೈ ಎತ್ತುತ್ತಾ ತಮ್ಮ ಸಾಧನೆಗಳನ್ನು ಹೇಳಿದರು. ಟೇಪು ಸುತ್ತಿದ ಹಳೆಯ ಮೈಕು ಅವರ ಹಿಂದೆ ಸುಮ್ಮನೆ ನಿಂತಿತ್ತು. ಅದನ್ನಾದರೂ ಬಿಚ್ಚಿ ಕೆಳಗೆ ಕೊಡಬಹುದಿತ್ತು. ಯಾರಿಗೂ ಹೊಳೆಯಲಿಲ್ಲ. ಸಾಧನೆ ಮುಗಿಯುವ ಹೊತ್ತಿಗೆ ಮುಖ್ಯ ಅತಿಥಿಗಳಿಗೆ ಕೃಷ್ಣರಾಜನಗರದಲ್ಲಿ ಇನ್ನೊಂದು ಕಾರ್ಯಕ್ರಮವಿದ್ದುದರಿಂದ ಅಹವಾಲುಗಳನ್ನು ಮುಂದಿನ ಸಭೆಗೆ ಇಟ್ಟುಕೊಂಡರು.

ಅವಳು ಪಂಚಾಯಿತಿ ಆಫೀಸಿಗೇ ಹೋದಳು. ನಾನು ಹೊರಗೆ ನಿಂತಿದ್ದೆ, ಅವಳು ಬೇಡ ಎಂದಿದ್ದಳು. ಪಿಡಿಓ ಅವರ ಮೇಜಿನ ಮೇಲೆ ಬಾಗಿ ಅವರ ಕಿವಿಯ ಹತ್ತಿರ ತನಗೆ ಬೇಕಾದದ್ದನ್ನು ಹೇಳಿದಳು. ಪಿಂಚಣಿ ಬೇಡ, ಸಭೆಯಲ್ಲಿ ಮೈಕು ಬೇಕು, ಜನ ಕೂತಲ್ಲಿಗೆ ಬರಬೇಕು ಎಂದು. ಅವರು ಬಹಳ ಮನಕರಗಿದವರಂತೆ ಎದ್ದು ನಿಂತರಂತೆ. ನಿಮ್ಮಂಥವರಿಗೆ ಏನಾದರೂ ಮಾಡಲೇಬೇಕು ಎಂದರಂತೆ. ಅವಳು ಹೊರಗೆ ಬಂದಾಗ ಗೆದ್ದ ಮುಖವಿತ್ತು. ಆ ಖುಷಿಗೆ ಅಲ್ಲಿಂದಲೇ ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಇಬ್ಬರೂ ಮಸಾಲೆದೋಸೆ ತಿಂದೆವು. ಅವಳಿಗೆ ನುಂಗುವುದು ಕಷ್ಟವಾಗಿತ್ತು, ಆದರೂ ಪೂರ್ತಿ ತಿಂದಳು.

ಏನಾದರೂ ಮಾಡಿದರು. ವಿಶೇಷಚೇತನರ ವಿಶೇಷ ಗ್ರಾಮಸಭೆ ಎಂದು ಬ್ಯಾನರು ಬರೆಸಿ ಅವಳಿಗೆ ಸನ್ಮಾನ ಇಟ್ಟರು.

ನಮ್ಮ ಕಡೆ ಇದೊಂದು ಪದ್ಧತಿ ಬೆಳೆದಿದೆ. ಯಾರಾದರೂ ತಕರಾರು ಎತ್ತುವವರಿದ್ದರೆ, ಅಥವಾ ಯಾರಿಗೆ ಏನು ಮಾಡಬೇಕೋ ತೋಚದಿದ್ದರೆ, ಕರೆದು ಶಾಲು ಹೊದಿಸುತ್ತಾರೆ. ಶಾಲಿನ ಭಾರಕ್ಕೆ ಭುಜ ಬಾಗುತ್ತದೆ, ಬಾಗಿದವನು ಕೈ ಮುಗಿಯುತ್ತಾನೆ, ಅಲ್ಲಿಗೆ ವಿಷಯ ಮುಗಿಯಿತು. ಅದನ್ನು ಅವರು ಕೆಟ್ಟ ಮನಸ್ಸಿನಿಂದ ಮಾಡುತ್ತಾರೆ ಎಂದು ನಾನು ಹೇಳಲಾರೆ. ಕೆಟ್ಟ ಮನಸ್ಸಾದರೆ ಜಗಳ ಆಡಬಹುದಿತ್ತು.

ಆ ವೇದಿಕೆಗೆ ಕಡಿದಾದ ಮೆಟ್ಟಿಲುಗಳು ಬಿಟ್ಟರೆ ಬೇರೆ ದಾರಿಯಿಲ್ಲ. ನಡೆಯಲಾಗದ ಒಬ್ಬ ಹಿರಿಯರನ್ನು ಕುರ್ಚಿಯ ಸಮೇತ ಎತ್ತಿ ಮೇಲಿಟ್ಟರು, ಚಪ್ಪಾಳೆ ತಟ್ಟಿದರು, ಫೋಟೋ ತೆಗೆಸಿಕೊಂಡರು, ಆಮೇಲೆ ಇಳಿಸುವುದನ್ನು ಮರೆತರು. ಸಭೆ ಮುಗಿಯುವವರೆಗೆ ಆ ಮನುಷ್ಯ ಹಾರ ಹಾಕಿಕೊಂಡು ಗಣ್ಯರ ಸಾಲಿನ ಕೊನೆಯಲ್ಲಿ ಕೂತಿದ್ದರು. ಮೂತ್ರಕ್ಕೆ ಹೋಗಬೇಕೆಂದು ಪಕ್ಕದವರಿಗೆ ಹೇಳಿದರೆ ಅವರು ಭಾಷಣ ಮುಗಿಯಲಿ ಎಂದರಂತೆ.

ನನ್ನ ಹೆಂಡತಿಯ ಸರದಿ ಬಂತು. ಕೆಂಪು ಮಫ್ಲರಿನ ಮೇಲೆ ಹಾರ, ಹಾರದ ಮೇಲೆ ಶಾಲು. ಒಂದು ಕೈಗೆ ಹಣ್ಣಿನ ಬುಟ್ಟಿ, ಇನ್ನೊಂದು ಕೈಗೆ ಗಾಜಿನ ಚೌಕಟ್ಟಿನ ಸನ್ಮಾನಪತ್ರ. ಮೇಜಿನ ಮೈಕು ಅವಳಿಂದ ಒಂದು ಮಾರು ದೂರದಲ್ಲಿತ್ತು. ಅಷ್ಟು ಹತ್ತಿರ ಅದು ಎಂದೂ ಬಂದಿರಲಿಲ್ಲ, ಆದರೆ ಹಿಡಿಯಲು ಕೈಯಿರಲಿಲ್ಲ. ಅವಳು ಬುಟ್ಟಿಯನ್ನು ಎದೆಗೊತ್ತಿಕೊಂಡು ಅದರ ಕಡೆಗೆ ಹೆಜ್ಜೆಯಿಟ್ಟು ಬಾಯಿ ಚಾಚಿದಳು. ನಾನು ಮೂರನೆಯ ಸಾಲಿನಲ್ಲಿ ಕೂತಲ್ಲಿಂದ ಅರ್ಧ ಎದ್ದಿದ್ದೆ. ಅಷ್ಟರಲ್ಲಿ ನಿರೂಪಕರು ನಡುವೆ ಬಂದು ಮೈಕಿಗೆ ಬಾಗಿದರು.

"ಅಮ್ಮನವರ ಕಣ್ಣಲ್ಲಿ ನೀರು ಬಂದಿದೆ. ಅವರಿಗೆ ಮಾತು ಬರುತ್ತಿಲ್ಲ. ಅವರ ಪರವಾಗಿ ನಾನೇ ಎರಡು ಮಾತು ಹೇಳುತ್ತೇನೆ."

ಹೇಳಿದರು. ಪಂಚಾಯಿತಿಗೆ ಅವಳು ಚಿರಋಣಿ ಎಂದು ಹೇಳಿದರು. ಹೂವಿನಂಥ ಮಾತುಗಳು. ಜನ ಚಪ್ಪಾಳೆ ತಟ್ಟಿದರು.

ಅವಳು ಕೆಳಗಿಳಿದು ಬಂದು ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಳು. ಕಿವಿಯಲ್ಲಿ, "ಬಾಯಿಗೆ ಸೇಬು ತುರುಕಿದ್ರು, ನೋಡಿದ್ರಾ," ಎಂದಳು. ಮನೆಗೆ ಬಂದು ಆ ಸೇಬುಗಳನ್ನು ಒಂದೊಂದಾಗಿ ಹಸುವಿಗೆ ತಿನ್ನಿಸಿದಳು. ಪಂಚಾಯಿತಿಯ ಸನ್ಮಾನದಿಂದ ನಿಜವಾಗಿ ಸಂತೋಷಪಟ್ಟದ್ದು ಆ ಹಸುವೊಂದೇ.

ಹೊಗೆಸೊಪ್ಪು ಹದ ಮಾಡುವ ಕಾಲಕ್ಕೆ ಗಡ್ಡೆ ಮತ್ತೆ ಬಂತು. ಈ ಸಲ ಡಾಕ್ಟರು ನಮ್ಮ ಮುಖ ನೋಡದೆ ಮಾತಾಡಿದರು. ಕೊನೆಯ ದಿನಗಳಲ್ಲಿ ಪಿಸುಮಾತೂ ಹೋಯಿತು. ಅವಳ ತುಟಿಗಳನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಹೆಚ್ಚಾಗಿ ಹಸುವಿಗೆ ನೀರು ಇಟ್ಟಿರಾ, ಬಾಗಿಲು ಹಾಕಿದಿರಾ ಎಂಬ ಮಾತುಗಳೇ. ಅವಳು ಹೋದ ಮೇಲೆ ತಿಥಿಯ ದಿನ ಭಜನೆಯವರು ಬಂದರು. ಸೌಂಡಿನವನು ನಮ್ಮ ತೆಂಗಿನ ಮರಕ್ಕೆ ಹಾರನ್ನು ಕಟ್ಟಿದ. ಬಾಯಿ ರಸ್ತೆಯ ಕಡೆಗೆ. ಅವಳ ಮನೆಯ ಬಾಗಿಲಿಗೇ ಮೈಕು ಬಂದ ದಿನ ಅವಳಿರಲಿಲ್ಲ.

ಮುಂದಿನ ಗ್ರಾಮಸಭೆಗೆ ಹೋಗುವ ಮನಸ್ಸು ನನಗಿರಲಿಲ್ಲ. ನಿರೂಪಕ ಮೇಷ್ಟ್ರೇ ಮನೆಗೆ ಬಂದು, ನಿಮ್ಮವರಿಗೆ ಶ್ರದ್ಧಾಂಜಲಿ ಇಟ್ಟುಕೊಂಡಿದ್ದೇವೆ, ನೀವು ಬರಲೇಬೇಕು ಎಂದರು. ಹೋದೆ. ಅವಳು ಕೂರುತ್ತಿದ್ದ ಹೆಂಗಸರ ಸಾಲಿನ ಮುಂದೆಯೇ ನನಗೆ ಜಾಗ ಸಿಕ್ಕಿತು. ಮೇಜಿನ ಮೈಕಿನ ಜಾಗಕ್ಕೆ ಈಗ ಬಂದಿದ್ದ ವಯರಿಲ್ಲದ ಮೈಕನ್ನು ಮೇಷ್ಟ್ರು ಹಿಡಿದು, ಗ್ರಾಮಸಭೆಗಳಲ್ಲಿ ತಪ್ಪದೆ ಭಾಗವಹಿಸಿ ಪ್ರಜಾಪ್ರಭುತ್ವದ ಬೇರನ್ನು ಗಟ್ಟಿಗೊಳಿಸಿದ ಮಹಿಳೆ ಎಂದು ಅವಳನ್ನು ಹೊಗಳಿದರು. ಅವಳು ಕೇಳಿದ್ದರೆ ಸದ್ದಿಲ್ಲದೆ ನಗುತ್ತಿದ್ದಳು. ಆಮೇಲೆ ಎಲ್ಲರೂ ಎದ್ದುನಿಂತು ಒಂದು ನಿಮಿಷ ಮೌನ ಆಚರಿಸಬೇಕೆಂದರು.

ಫ್ಯಾನು ನಿಲ್ಲಿಸಿದರು. ಕುರ್ಚಿಗಳ ಸದ್ದು ನಿಂತಿತು. ಹಿಂದೆ ಹರಟುತ್ತಿದ್ದ ಗಂಡಸರು ಸುಮ್ಮನಾದರು. ಆ ಸಮುದಾಯ ಭವನದಲ್ಲಿ ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಹೊರಗೆ ಹೊಂಗೆ ಮರದ ಎಲೆ ಬೀಳುವುದೂ ಕೇಳುವಂತಿತ್ತು. ಇಷ್ಟು ಸುಮ್ಮನಿರಲು ಇವರಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಬದುಕಿದ್ದಾಗ ಇದರಲ್ಲಿ ಅರ್ಧ ನಿಮಿಷ ಕೊಟ್ಟಿದ್ದರೆ ಮೈಕೇ ಬೇಕಾಗಿರಲಿಲ್ಲ. ಮೂರನೆಯ ಸಾಲಿನಿಂದ ಅವಳ ಪಿಸುಮಾತು ವೇದಿಕೆಗೆ ಮುಟ್ಟುತ್ತಿತ್ತು. ಸಾಯುವವರೆಗೆ ಕಾದು, ಸತ್ತಮೇಲೆ ಕಿವಿ ತೆರೆದು ನಿಂತಿದ್ದರು.

ಅವಳ ವಾಕ್ಯ ನನ್ನ ನಾಲಿಗೆಯ ಮೇಲೆ ಇತ್ತು. ಆಡಲಿಲ್ಲ. ನೀವಾಡಬ್ಯಾಡಿ ಎಂದಿದ್ದಳು. ಆದರೆ ಸುಮ್ಮನೆ ನಿಲ್ಲುವುದೂ ಆಗಲಿಲ್ಲ. ನನ್ನದೇ ಮಾತೊಂದು ಇತ್ತು, ಅದನ್ನು ಆಡಿದೆ. ಜೋರಾಗಿ ಅಲ್ಲ.

"ಮೈಕು ಕೆಳಗೆ ಕೊಡಿ."

ಇಡೀ ಸಭೆಗೆ ಕೇಳಿತು. ಹಿಂದಿನಿಂದ ಯಾರೋ, "ಶ್, ಮೌನ ನಡೀತಾ ಐತೆ ಕಣಣ್ಣ," ಎಂದರು. ಅಧ್ಯಕ್ಷರು ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡರು.

ನಿಮಿಷ ಮುಗಿದ ಮೇಲೆ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಕೆಳಗಿಳಿದು ಬಂದರು. ಗಂಡ ಎರಡು ಕಣ್ಣೀರಿನ ಮಾತಾಡುತ್ತಾನೆ, ಪಂಚಾಯಿತಿಗೆ ವಂದನೆ ಹೇಳುತ್ತಾನೆ ಎಂದುಕೊಂಡಿದ್ದರು ಎಂದು ಕಾಣುತ್ತದೆ. ಮೈಕನ್ನು ನನ್ನ ಕೈಗಿಟ್ಟು, ವಾಪಸು ತೆಗೆದುಕೊಳ್ಳಲು ಕೈಚಾಚಿಕೊಂಡೇ ನಿಂತರು. ಅದು ನಾನಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಹಿಡಿಯ ಬುಡದಲ್ಲಿ ಹಸಿರು ದೀಪ ಉರಿಯುತ್ತಿತ್ತು. ನಾನು ತಿರುಗಿ ಅದನ್ನು ಹಿಂದಿನ ಸಾಲಿನ ಮೊದಲ ಹೆಂಗಸಿಗೆ ಕೊಟ್ಟೆ.

ಅವಳು ಬಿಸಿ ಪಾತ್ರೆ ಹಿಡಿದವಳಂತೆ ಪಕ್ಕದವಳಿಗೆ ದಾಟಿಸಿದಳು. ಪಕ್ಕದವಳು ತನ್ನ ಪಕ್ಕದವಳಿಗೆ. ಹೆಂಗಸರು ಸೆರಗು ಅಡ್ಡ ಹಿಡಿದು ನಗತೊಡಗಿದರು. ಮೇಷ್ಟ್ರು, "ಇತ್ತ ಕೊಡ್ರಮ್ಮ, ಕಾರ್ಯಕ್ರಮ ಐತೆ," ಎನ್ನುತ್ತಾ ಸಾಲುಗಳ ಸಂದಿಯಲ್ಲಿ ಅದರ ಹಿಂದೆ ಹೋದರು. ಅದು ಅವರಿಗಿಂತ ಬೇಗ ಹೋಯಿತು. ಕೊನೆಗೆ ಯಾರೋ ಒಬ್ಬಳು ಬಾಯಿಗೆ ಹಿಡಿದು ಅಂಗನವಾಡಿಯ ನೀರಿನ ತೊಟ್ಟಿ ಸೋರುವುದನ್ನು ಹೇಳಿದಳು. ಇನ್ನೊಬ್ಬಳು ಬಸ್ಸು ನಿಲ್ಲಿಸುವುದಿಲ್ಲ ಎಂದಳು. ಪಿಡಿಓ ಸಾಹೇಬರು ಮೈಕಿಲ್ಲದೆ ಉತ್ತರ ಕೊಡಲು ಕುರ್ಚಿಯ ತುದಿಗೆ ಬಂದು ಕೂತರು.

ಆಮೇಲೆ ಅದು ನಮ್ಮ ಪಕ್ಕದ ಮನೆಯವಳ ಕೈಗೆ ಬಂತು. ಮೋರಿಗೆ ಬಿದ್ದು ಕಾಲು ಮುರಿದುಕೊಂಡ ಕರು ಇವರದೇ ಮನೆಯದು. ಅವಳು ಮೋರಿಯ ಮಾತು ತೆಗೆದಳು. ಕರು ಹುಟ್ಟಿದ್ದರಿಂದ ಶುರು ಮಾಡಿದಳು, ಅದರ ತಾಯಿಯ ಹಾಲಿನ ಸಂಗತಿಗೆ ಹೋದಳು, ಅತ್ತೆಯ ಮೊಣಕಾಲು ನೋವಿಗೆ ಬಂದಳು, ರಸ್ತೆ ಹಾಕಿದ ಕಂಟ್ರಾಕ್ಟರಿಗೆ ಶಾಪ ಹಾಕಿದಳು, ನಡುವೆ ಎಲ್ಲಿದ್ದೆ ಎಂದು ಮರೆತು ಮತ್ತೆ ಕರುವಿಗೆ ಹೋದಳು. ಚಪ್ಪಡಿ ಎಂಬ ಮಾತು ಬರುವ ಹೊತ್ತಿಗೆ ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಿದ್ದರು. ಆದರೂ ಬಂತು. ಈ ವಾರವೇ ಆಳು ಕಳಿಸುತ್ತೇವೆ ಎಂದು ಅಧ್ಯಕ್ಷರು ಎದ್ದು ನಿಂತು ಕೂಗಿ ಹೇಳಬೇಕಾಯಿತು.

ಕಳಿಸುತ್ತಾರೋ ಇಲ್ಲವೋ, ನಾನು ಆಗ ಅದನ್ನು ಯೋಚಿಸಲಿಲ್ಲ. ಪಕ್ಕದ ಮನೆಯವಳು ಇನ್ನೂ ಹೇಳುತ್ತಲೇ ಇದ್ದಳು. ನಾನು ತಲೆತಗ್ಗಿಸಿ ಕೇಳುತ್ತಿದ್ದೆ. ನನ್ನವಳು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಿ ಕೂತಿರುತ್ತಿದ್ದಳು. ಎಷ್ಟೋ ಚೆನ್ನಾಗಿ ಹೇಳುತ್ತಿದ್ದಳು.